ಬಿಸಿಲು ಬೀಳುವ ಹೊತ್ತಿನ ಅಮೋನಿಯಾ

ಅಥವಾ ಆ ವಾಸನೆ ನನಗೆ ಅಂದು ಬಂದೇ ಇರಲಿಲ್ಲವೇನೋ. ಹಿನ್ನೀರಿನಲ್ಲಿ ತೇಲುವ ಅಟ್ಟಣೆಯ ಮೇಲೆ ನಿಂತಿದ್ದೆ, ಆಗಷ್ಟೇ ಬಿಸಿಲು ಬಿದ್ದಿತ್ತು, ಮೂಗಿಗೆ ಕುರಿಯ ವಾಸನೆ ಬಡಿಯಿತು ಎಂದು ನನ್ನ ನೆನಪು ಹೇಳುತ್ತದೆ. ಅದೇ ಬೆಳಗಿನ ಗಾಳಿಯ ದಿಕ್ಕನ್ನು ಯಂತ್ರ ಬರೆದುಕೊಂಡಿದೆ, ಅದು ಬೇರೆ ಹೇಳುತ್ತದೆ. ಕುರಿಗಳಿದ್ದುದು ಪಶ್ಚಿಮಕ್ಕೆ, ಹೊಸದುರ್ಗದ ಕಡೆಯ ದಡದಲ್ಲಿ. ಗಾಳಿ ಬರುತ್ತಿದ್ದುದು ಪೂರ್ವದಿಂದ, ಹಿರಿಯೂರಿನ ಕಡೆಯಿಂದ, ಬರೀ ನೀರಿನ ಮೇಲೆ ಹಾದು. ನೀರಿಗೆ ಕುರಿಯ ವಾಸನೆ ಇರುವುದಿಲ್ಲ. ಯಂತ್ರ ಸುಳ್ಳು ಹೇಳಿರಬೇಕು, ಇಲ್ಲವೇ ನಾನು.

ಆ ದಿನಗಳಲ್ಲಿ ಇದನ್ನು ಯೋಚಿಸಿದ್ದೆನೇ? ಇಲ್ಲ ಅನ್ನಿಸುತ್ತದೆ. ಆಮೇಲೆ ಏನಾಯಿತು ಎಂದು ತಿಳಿದ ಮೇಲೆ ಮನಸ್ಸು ಹಿಂದೆ ಹೋಗಿ ಆ ಬೆಳಗಿಗೆ ಒಂದು ವಾಸನೆಯನ್ನು ಹೊಲಿದಿರಬಹುದು. ಹೊಲಿಗೆ ಕಾಣುವಂತೆಯೇ ಬರೆಯುತ್ತೇನೆ.

ಕೆಲಸ ಹೇಳಲು ಸುಲಭ. ಮಾರಿಕಣಿವೆ ಅಣೆಕಟ್ಟೆಯ ಹಿನ್ನೀರಿನ ಮೇಲಿನ ಗಾಳಿಯಲ್ಲಿ ಏನೇನಿದೆ ಎಂದು ನೋಡುವುದು. ಧೂಳು, ಹೊಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಒಂದು ಕಡೆ. ತೀರಾ ಸ್ವಲ್ಪವೇ ಇದ್ದರೂ ನೀರಿನ ಗುಣ ಕೆಡಿಸಬಲ್ಲ ಅನಿಲಗಳು ಇನ್ನೊಂದು ಕಡೆ. ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ಅಟ್ಟಣೆ ಮಾಡಿದ್ದೆವು. ಅದರ ಮೇಲೆ ಸೌರಫಲಕ, ಬ್ಯಾಟರಿ, ಬೀಗ ಹಾಕಿದ ಪೆಟ್ಟಿಗೆ, ಗಾಳಿಯ ದಿಕ್ಕು ಬರೆದುಕೊಳ್ಳುವ ಸಣ್ಣ ಯಂತ್ರ, ಒಂದು ಕಂಬ. ಕಂಬದ ತುದಿಯಲ್ಲಿ ಗಾಳಿ ಎಳೆದುಕೊಳ್ಳುವ ಬಾಯಿ, ಮಳೆ ಹನಿ ಒಳಗೆ ಬೀಳದಂತೆ ಅದಕ್ಕೊಂದು ಸ್ಟೀಲಿನ ಟೋಪಿ. ಅಲ್ಲಿಂದ ಇಳಿದ ಕೊಳವೆ ಪೆಟ್ಟಿಗೆಯೊಳಗೆ ಎರಡಾಗಿ ಒಡೆಯುತ್ತಿತ್ತು. ಒಂದು ಕವಲು ಕಣ ಎಣಿಸುವ ಯಂತ್ರಕ್ಕೆ, ಇನ್ನೊಂದು ಅಮೋನಿಯಾ ಅಳೆಯುವ ಯಂತ್ರಕ್ಕೆ. ಪಕ್ಕದಲ್ಲೇ ಬೇರೆ ಬಾಯಿಯ ಒಂದು ಪಂಪು ಸೋಸುಕಾಗದದ ಮೂಲಕ ಗಾಳಿ ಎಳೆಯುತ್ತಿತ್ತು. ಆ ಕಾಗದ ಬದಲಿಸಲು ಬೆಳಗ್ಗೆ ನಾವು ತೆಪ್ಪದಲ್ಲಿ ಹೋಗುತ್ತಿದ್ದೆವು.

ನಾವೆಂದರೆ ನಾನು, ಒಬ್ಬ ತಂತ್ರಜ್ಞ, ತೆಪ್ಪ ನಡೆಸುವ ಒಬ್ಬ ಮೀನುಗಾರ. ನಾನು ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ತಂತ್ರಜ್ಞ ನನಗಿಂತ ಹಿರಿಯ, ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆಯವನು, ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಡಿಪ್ಲೊಮಾ ಓದಿದವನು. ನಮ್ಮ ಮುಖ್ಯಸ್ಥರು ದೂರದಲ್ಲಿದ್ದು ಫೋನಿನಲ್ಲಿ ಹತ್ತಿರವಿದ್ದರು. ಮಾಡದಕೆರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು.

ಅಮೋನಿಯಾ ಯಾಕೆ ಬೇಕಾಯಿತು ಎಂದರೆ, ಹಿಂದಿನ ಬೇಸಿಗೆಯಲ್ಲಿ ದಡದ ಒಂದು ಭಾಗದಲ್ಲಿ ನೀರು ಹಸಿರುಗಟ್ಟಿತ್ತು. ಕುಡಿಯುವ ನೀರು. ಅಮೋನಿಯಾದ ರೂಪದಲ್ಲಿ ಗಾಳಿಯಿಂದ ನೀರಿಗಿಳಿದು ಪಾಚಿ ಬೆಳೆಸುವ ಸಾರಜನಕ ಎಲ್ಲಿಂದ ಬರುತ್ತಿದೆ ಎಂದು ಸಂಬಂಧಪಟ್ಟ ಕಚೇರಿಯೊಂದು ಕೇಳಿತ್ತು. ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಅಂಚಿನ ನೆಲದಲ್ಲಿ ಕೆಲವು ಕುರುಬರ ಸಂಸಾರಗಳು ಬಲೆ ಕಟ್ಟಿ, ಮುಳ್ಳು ಹೊದಿಸಿ ರೊಪ್ಪ ಹಾಕಿಕೊಂಡು ಕುರಿ ಕೂಡುತ್ತಿದ್ದವು. ಕುರಿ ಇದ್ದಲ್ಲಿ ಹಿಕ್ಕೆ, ಮೂತ್ರ. ಅವೆರಡೂ ಇದ್ದಲ್ಲಿ ಅಮೋನಿಯಾ. ಕೇಳುವ ಮೊದಲೇ ಉತ್ತರ ಗೊತ್ತಿದ್ದ ಪ್ರಶ್ನೆ ಅದು. ನಮ್ಮ ವರದಿ ಹೌದು ಎಂದರೆ ರೊಪ್ಪಗಳನ್ನು ಅಲ್ಲಿಂದ ಎಬ್ಬಿಸುತ್ತಾರೆ ಎಂಬುದು ದಡದಲ್ಲಿ ಎಲ್ಲರಿಗೂ ತಿಳಿದಿತ್ತು, ನಮಗಿಂತ ಮೊದಲೇ.

ಮೊದಲ ವಾರಗಳಲ್ಲಿ ಬಿಸಿಲು ಬೀಳುತ್ತಿದ್ದಂತೆ ಅಮೋನಿಯಾದ ಗೆರೆ ಸ್ವಲ್ಪ ಏರಿ ಇಳಿಯುತ್ತಿತ್ತು. ಇದನ್ನು ನಾವು ನಂಬಲಿಲ್ಲ. ಅಮೋನಿಯಾ ಅಂಟುಗುಳಿ ಅನಿಲ. ಒದ್ದೆಯಾದದ್ದು ಏನು ಸಿಕ್ಕರೂ ಅದಕ್ಕೆ ಅಂಟಿಕೊಳ್ಳುತ್ತದೆ, ಒಣಗಿದಾಗ ಬಿಟ್ಟುಕೊಡುತ್ತದೆ. ಚಳಿಗಾಲದಲ್ಲಿ ಕೊಳವೆಯೊಳಗೆ ಇಬ್ಬನಿ ಕೂತರೆ ರಾತ್ರಿಯ ಅಮೋನಿಯಾವೆಲ್ಲ ಅದರಲ್ಲಿ ಸೇರಿ, ಬಿಸಿಲಿಗೆ ಒಟ್ಟಿಗೇ ಹೊರಬರುತ್ತದೆ. ಯಂತ್ರಕ್ಕೆ ಅದು ಹೊರಗಿನ ಗಾಳಿಯಂತೆಯೇ ಕಾಣುತ್ತದೆ. ಹಾಗಾಗಿ ಕೊಳವೆಯನ್ನು ಬೆಚ್ಚಗಿಡಬೇಕು. ವಿದ್ಯುತ್ತಿನಿಂದ ಬಿಸಿ ಮಾಡುವಷ್ಟು ಶಕ್ತಿ ನಮ್ಮ ಬ್ಯಾಟರಿಗೆ ಇರಲಿಲ್ಲ. ಫೋಮು ಸುತ್ತಿದೆವು. ನೀರುಕಾಗೆಗಳು ಕಂಬದ ಮೇಲೆ ಕೂತು ಅದನ್ನು ಕಿತ್ತು ಕಿತ್ತು ನೀರಿಗೆ ಹಾಕಿದವು. ಮತ್ತೆ ಸುತ್ತಿದೆವು, ಮತ್ತೆ ಕಿತ್ತವು. ನಮ್ಮ ಸೋಲನ್ನು ತೆಪ್ಪದವನು ಆಸಕ್ತಿಯಿಂದ ನೋಡುತ್ತಿದ್ದ.

"ಹಕ್ಕೀಗೆ ಕೆಲ್ಸ ಕೊಟ್ಟೀರಿ ಬಿಡ್ರಿ ಮೇಡಮ್ಮೋರೆ," ಅಂದ. "ಪಾಪ, ಮೀನಿಲ್ದಾಗ ಹೊತ್ತು ಹೋಗ್ಬೇಕಲ್ಲ."

ಕಂಬಳಿ ಬಂದದ್ದು ಆಗ. ಹೇಗೆ ಬಂತು ಎಂಬುದರಲ್ಲಿ ಮೂರು ಕಥೆಗಳಿವೆ. ನಾನು ಕೇಳಿದೆ ಎನ್ನುತ್ತಾನೆ ತಂತ್ರಜ್ಞ. ಅವನೇ ಕೇಳಿದ ಎಂದು ನನ್ನ ನೆನಪು. ಕೊಟ್ಟವರು ದಡದ ರೊಪ್ಪದ ಯಜಮಾನಿ, ನಾವು ಅಜ್ಜಿ ಎಂದು ಕರೆಯುತ್ತಿದ್ದ ಗಟ್ಟಿ ಹೆಂಗಸು. ಅವರ ಪ್ರಕಾರ ನಾವಿಬ್ಬರೂ ಕೇಳಲಿಲ್ಲ, ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಮಾತು ಮಾತ್ರ ನನಗೆ ನೆನಪಿದೆ, ಅಥವಾ ಇದೆ ಎಂದುಕೊಂಡಿದ್ದೇನೆ.

"ಏನವ್ವ, ಕೊಳವೆಗೂ ಚಳಿ ಆಗ್ತೈತಾ?"

"ಚಳಿಗೆ ಒಳಗೊಳಗೆ ಬೆವರ್ತೈತೆ ಅಜ್ಜಿ," ಅಂದ ತಂತ್ರಜ್ಞ.

"ಚಳೀಲಿ ಬೆವರೋದು ಜ್ವರ ಬಂದೋರು. ಕಷಾಯ ಕುಡಿಸ್ರಿ." ಹೀಗೆ ಅಂದು ಗುಡಿಸಲ ಒಳಗಿಂದ ಒಂದು ಹಳೇ ಕರಿಕಂಬಳಿ ತಂದು ಎಸೆದರು. "ತಗಳ್ರಿ. ಮಳೇಗೂ ಜಗ್ಗಲ್ಲ ಇದು. ಮೊನ್ನೆ ತಂಕ ಮರಿ ಹೊದ್ಕಂಡು ಮಲ್ಗಿದ್ವು ಇದ್ರಾಗೆ."

ತಂತ್ರಜ್ಞ ಅದನ್ನು ಅಂಗೈ ಅಗಲದ ಪಟ್ಟಿಗಳಾಗಿ ಕತ್ತರಿಸಿ ಕೊಳವೆಗೆ ಬಿಗಿಯಾಗಿ ಸುತ್ತಿದ. ತುದಿಯಲ್ಲಿ ಇಬ್ಬನಿ ನುಸುಳಬಾರದೆಂದು ಕೊನೆಯ ಸುತ್ತನ್ನು ಸ್ಟೀಲಿನ ಟೋಪಿಯ ಒಳಕ್ಕೂ ಮಡಚಿ ಕಟ್ಟಿದ. ಅಚ್ಚುಕಟ್ಟಾದ ಕೆಲಸ. ನಾನು ನೋಡಿ ಸರಿ ಅಂದೆ. ಹಕ್ಕಿಗಳು ಒಮ್ಮೆ ಕುಕ್ಕಿ ನೋಡಿ ಸುಮ್ಮನಾದವು. ಕೊಳವೆಯೊಳಗೆ ಹನಿ ಕೂರುವುದು ನಿಂತಿತು.

ಆದರೆ ಅಮೋನಿಯಾದ ಏರು ನಿಲ್ಲಲಿಲ್ಲ. ಬದಲಿಗೆ ಎತ್ತರವಾಯಿತು, ಚೂಪಾಯಿತು. ಪ್ರತಿ ಬೆಳಗ್ಗೆ ಬಿಸಿಲು ಅಟ್ಟಣೆಯ ಮೇಲೆ ಬಿದ್ದು ಸ್ವಲ್ಪ ಹೊತ್ತಿಗೆ ಗೆರೆ ಮೇಲೆ ಹೋಗುತ್ತಿತ್ತು, ಗಾಳಿ ಬೀಸತೊಡಗಿದ ಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ಯಾರಾದರೂ ಪಾಠ ಮಾಡಲು ಬರೆದ ಚಿತ್ರದಂತಿತ್ತು.

ಮುಖ್ಯಸ್ಥರಿಗೆ ಸಂತೋಷವಾಯಿತು. "ಇಬ್ಬನಿ ಸಮಸ್ಯೆ ತೆಗೆದ ಮೇಲೆ ಸಿಗ್ನಲ್ ಇನ್ನೂ ಚೆನ್ನಾಗಿ ಬಂತು. ಅಂದರೆ ಇಷ್ಟು ದಿನ ಇಬ್ಬನಿ ನಿಜವಾದದ್ದನ್ನ ಮುಚ್ಚಿಟ್ಟಿತ್ತು," ಎಂದರು ಫೋನಿನಲ್ಲಿ. ತರ್ಕ ಸರಿಯಾಗಿತ್ತು. ದೋಷ ಸರಿಪಡಿಸಿದ ಮೇಲೂ ಉಳಿದದ್ದು ನಿಜ ಎಂದು ನಾನೂ ಒಪ್ಪಿದೆ. ಒಪ್ಪಿದ್ದು ಮಾತ್ರವಲ್ಲ, ವರದಿಯ ಕರಡಿನಲ್ಲಿ "ಪಶ್ಚಿಮ ದಡದ ಕುರಿ ರೊಪ್ಪಗಳು ಮುಖ್ಯ ಮೂಲವಾಗಿರುವ ಸಾಧ್ಯತೆ ಹೆಚ್ಚು" ಎಂಬ ವಾಕ್ಯವನ್ನು ಬರೆದವಳು ನಾನೇ. ಚಿತ್ರದುರ್ಗದಲ್ಲಿ ಸಭೆ ಗೊತ್ತಾಗಿತ್ತು. ಅದಕ್ಕೆ ಮೊದಲು ವರದಿ ಹೋಗಬೇಕಿತ್ತು.

ಸಭೆಯ ಸುದ್ದಿ ದಡಕ್ಕೂ ಬಂತು. ಒಂದು ಬೆಳಗ್ಗೆ ನಾವು ತೆಪ್ಪದಿಂದ ಇಳಿದಾಗ ಅಜ್ಜಿ ಗುಡಿಸಲ ಮುಂದೆ ಪಾತ್ರೆಗಳನ್ನು ಒಂದರೊಳಗೊಂದು ಕೂರಿಸಿ ಹಗ್ಗ ಬಿಗಿಯುತ್ತಿದ್ದರು. ಸುತ್ತ ಮರಿಗಳು. ಒಂದು ಇನ್ನೂ ಒದ್ದೆಯಾಗಿತ್ತು, ಎದ್ದು ನಿಲ್ಲಲು ಹೋಗಿ ಬೀಳುತ್ತಿತ್ತು.

"ಇದೇನಜ್ಜಿ?"

"ಏನು ಅಂದ್ರೆ? ಎಬ್ಸೋರು ಬಂದ್ಮ್ಯಾಲೆ ಕಟ್ಟೋಕೆ ಆಗ್ತೈತಾ?" ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. "ಮರಿ ಹಾಕೋ ಹೊತ್ತು ತಾಯಿ. ಇವು ದಾರಿ ನಡ್ಯೋದಕ್ಕೇ ಇನ್ನೊಂದು ತಿಂಗ್ಳು ಬೇಕು, ಎಲ್ಲಿಗೆ ಹೋಗಾಣ? ಗುಡ್ಡದ ಕಡೆ ಹೋದ್ರೆ ನೀರಿಲ್ಲ, ತೋಳ ಐತೆ. ಅರ್ಧ ಮರಿ ದಾರೀಲಿ ಹೋಗ್ತಾವೆ."

ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲಿಂದ ಸುಲಭವಾಗಿ ಹೋಗಿಬಿಡುತ್ತಿದ್ದೆ ಅನ್ನಿಸುತ್ತದೆ. ತಂತ್ರಜ್ಞ ಕೆಳಗೆ ಕೂತು ಆ ಒದ್ದೆ ಮರಿಯ ಮೂಗು ಒರೆಸಿದ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ನಾನು ಆ ಕರಡನ್ನು ಮತ್ತೆ ತೆರೆದದ್ದು ಅಜ್ಜಿಯ ಮೇಲಿನ ಕನಿಕರದಿಂದ ಎಂದು ನೆನಪು ಹೇಳಲು ನೋಡುತ್ತದೆ. ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ, ಆದ್ದರಿಂದಲೇ ನಂಬಬಾರದು. ಎರಡು ಸಂಗತಿಗಳು ಅದಕ್ಕೂ ಮೊದಲೇ ನನ್ನನ್ನು ಕಾಡುತ್ತಿದ್ದವು. ಒಂದು, ಗಾಳಿಯ ದಿಕ್ಕು. ರೊಪ್ಪದ ಕಡೆಯಿಂದ ಗಾಳಿ ಬಂದ ದಿನವೂ ಏರು ಅಷ್ಟೇ, ಎದುರು ದಡದ ಕಡೆಯಿಂದ ಬಂದ ದಿನವೂ ಅಷ್ಟೇ. ಎರಡು, ಸೋಸುಕಾಗದಗಳು. ಗಾಳಿಯಲ್ಲಿ ಅಷ್ಟು ಅಮೋನಿಯಾ ನಿಜವಾಗಿ ಇದ್ದಿದ್ದರೆ ಅದರಲ್ಲಿ ಸ್ವಲ್ಪವಾದರೂ ಕಣಗಳಿಗೆ ಸೇರಿ ಕಾಗದದ ಮೇಲೆ ಸಿಗಬೇಕಿತ್ತು. ಪ್ರಯೋಗಾಲಯದಿಂದ ಬಂದ ಫಲಿತಾಂಶದಲ್ಲಿ ಅಂಥದ್ದೇನೂ ಹೆಚ್ಚಿರಲಿಲ್ಲ. ಯಂತ್ರ ಕಿರುಚುತ್ತಿತ್ತು, ಕಾಗದ ಸುಮ್ಮನಿತ್ತು.

ಮುಖ್ಯಸ್ಥರಿಗೆ ಎರಡನ್ನೂ ಹೇಳಿದೆ.

"ರಾತ್ರಿ ದಡದ ತಂಪು ಗಾಳಿ ನೀರಿನ ಮೇಲೆ ಹರಿದು ನಿಲ್ಲುತ್ತೆ. ಬೆಳಗ್ಗೆ ದಿಕ್ಕು ಯಾವುದಾದರೇನು? ಕಾಗದದ್ದು ಬೇರೆ ವಿಷಯ, ಚಳಿಗೆ ಪ್ರತಿಕ್ರಿಯೆ ನಿಧಾನ. ಯಂತ್ರ ಸರಿಯಿದೆ ತಾನೆ?"

ಯಂತ್ರ ಸರಿಯಿತ್ತು. ವಾರಕ್ಕೊಮ್ಮೆ ಅದರ ಬೆನ್ನಿಗೆ, ಕೊಳವೆ ಬಂದು ಸೇರುವಲ್ಲಿ, ಶುದ್ಧ ಗಾಳಿ ಕೊಟ್ಟು ನೋಡುತ್ತಿದ್ದೆವು. ಸಿಲಿಂಡರಿನಲ್ಲಿ ತುಂಬಿಸಿ ತಂದ, ಅಮೋನಿಯಾವೂ ಕಣವೂ ಇಲ್ಲದ ಗಾಳಿ. ಯಂತ್ರ ಪ್ರತಿಸಲವೂ ಸೊನ್ನೆ ತೋರಿಸುತ್ತಿತ್ತು. ಈ ಸೊನ್ನೆಯ ಮೇಲೆಯೇ ನಮ್ಮ ಎಲ್ಲ ಅಂಕಿಗಳೂ ನಿಂತಿದ್ದವು.

ಬೆನ್ನಿಗೆ ಕೊಡುತ್ತಿದ್ದೆವು. ಬಾಯಿಗಲ್ಲ. ಕಂಬದ ತುದಿಯಿಂದ ಪೆಟ್ಟಿಗೆಯವರೆಗೆ ಗಾಳಿ ಬರುವ ದಾರಿಯನ್ನು ನಾವು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಸಿಲಿಂಡರನ್ನು ತೆಪ್ಪದಲ್ಲಿ ಹೊತ್ತು, ಅಟ್ಟಣೆಯ ಮೇಲೆ ನಿಲ್ಲಿಸಿ, ಕಂಬದ ತುದಿಗೆ ಗಾಳಿ ಕೊಡುವುದು ಕಷ್ಟದ ಕೆಲಸ. ಪೆಟ್ಟಿಗೆ ತೆರೆದು ಬೆನ್ನಿಗೆ ಸಣ್ಣ ಚೀಲದಿಂದ ಕೊಡುವುದು ಸುಲಭ. ಎಲ್ಲರೂ ಹಾಗೇ ಮಾಡುತ್ತಾರೆ.

ಉಳಿದಿದ್ದುದು ಒಂದೇ ಸಿಲಿಂಡರು. ಇನ್ನೊಂದು ಬರಲು ಸಭೆಯ ದಿನ ದಾಟುತ್ತಿತ್ತು. ಆ ಒಂದನ್ನು ಋತುವಿನ ಕೊನೆಯ ಪರೀಕ್ಷೆಗೆಂದು ಇಟ್ಟಿದ್ದೆವು. ಅದಿಲ್ಲದಿದ್ದರೆ ಇಡೀ ಚಳಿಗಾಲದ ಅಂಕಿಗಳಿಗೆ ಕೊನೆಯ ಸೊನ್ನೆ ಇರುವುದಿಲ್ಲ, ಯಾರು ಬೇಕಾದರೂ ಪ್ರಶ್ನಿಸಬಹುದು. ಕಂಬದ ತುದಿಗೆ ಟೋಪಿಯ ಸಮೇತ ಒಂದು ದೊಡ್ಡ ಚೀಲ ಕಟ್ಟಿ, ಅದು ತುಂಬಿ ತುಳುಕುವಂತೆ ಶುದ್ಧ ಗಾಳಿ ಬಿಡುತ್ತ, ಬಿಸಿಲು ಬೀಳುವ ಹೊತ್ತನ್ನು ಪೂರ್ತಿ ದಾಟಿಸಬೇಕು. ಸಿಲಿಂಡರು ಬಹುಪಾಲು ಖಾಲಿಯಾಗುತ್ತದೆ.

"ಏನೂ ಸಿಗದಿದ್ದರೆ?" ಎಂದರು ಮುಖ್ಯಸ್ಥರು.

"ಏನೂ ಸಿಗದಿದ್ದರೆ ಕರಡು ಹಾಗೇ ಹೋಗಲಿ ಸರ್. ನಾನು ಸಹಿ ಮಾಡ್ತೀನಿ."

"ಈಗ?"

"ಈಗ ಮಾಡಲ್ಲ."

ಫೋನಿನಲ್ಲಿ ಗರಗರ ಸದ್ದು ಬಂತು. ಅವರು ಸಿಟ್ಟಾದರೋ, ನೆಟ್‌ವರ್ಕ್ ಹೋಗಿತ್ತೋ. ಆಮೇಲೆ "ನೋಡಿ" ಎಂದರು. ಅದನ್ನು ನಾನು ಅನುಮತಿ ಎಂದು ತೆಗೆದುಕೊಂಡೆ.

ಸಿಲಿಂಡರನ್ನು ತೆಪ್ಪಕ್ಕೆ ಹಾಕುವಾಗ ಮೀನುಗಾರನಿಗೆ ಉಸಿರು ಕಟ್ಟಿತು. ತೆಪ್ಪ ಒಂದು ಕಡೆ ವಾಲಿ ನೀರು ಕುಡಿಯಿತು.

"ಏನೈತ್ರೀ ಇದ್ರಾಗೆ, ಸೀಸವಾ?"

"ಗಾಳಿ," ಎಂದ ತಂತ್ರಜ್ಞ.

"ತಮಾಷೆ ಮಾಡ್ಬ್ಯಾಡ ಮಾರಾಯ."

"ಖರೇನೇ, ಗಾಳಿ."

ಅವನು ಹಿನ್ನೀರಿನ ಉದ್ದಗಲ ಒಮ್ಮೆ ನೋಡಿದ, ಗುಡ್ಡದವರೆಗೂ. "ಇಷ್ಟೊಂದು ಬಿಟ್ಟಿ ಬಿದ್ದೈತಲ್ಲಪ್ಪ ಇಲ್ಲಿ. ಹೊತ್ಕಂಡು ಬರ್ಬೇಕಿತ್ತಾ?"

ಮೊದಲ ಯತ್ನ ಹಾಳಾಯಿತು. ಚೀಲ ಕಟ್ಟಿ ಗಾಳಿ ಬಿಟ್ಟ ಸ್ವಲ್ಪ ಹೊತ್ತಿಗೆ ಅಲೆ ಎದ್ದು ಅಟ್ಟಣೆ ಓಲಾಡಿತು, ಚೀಲ ಟೋಪಿಯ ಅಂಚಿಗೆ ಉಜ್ಜಿ ಹರಿಯಿತು. ನಾನು ಕಂಬ ಹಿಡಿದುಕೊಂಡು ಕವಾಟ ತಿರುಗಿಸಿ ಮುಚ್ಚುವುದರೊಳಗೆ ಎಷ್ಟೋ ಗಾಳಿ ಗಾಳಿಗೆ ಸೇರಿತ್ತು. ಒತ್ತಡದ ಮುಳ್ಳು ಅರ್ಧಕ್ಕಿಂತ ಕೆಳಗೆ ನಿಂತಿತು. ಮೂವರೂ ದಡಕ್ಕೆ ಬಂದೆವು. ಇನ್ನೊಂದು ಬೆಳಗಿಗೆ ಮಾತ್ರ ಸಾಕಾಗುವಷ್ಟು ಉಳಿದಿತ್ತು, ಅದೂ ಹಿಡಿದು ಹಿಡಿದು ಬಿಟ್ಟರೆ.

ಎರಡನೆಯ ಸಲ ತಂತ್ರಜ್ಞ ಟೋಪಿಯ ಸುತ್ತ ತಂತಿಯ ಬಳೆ ಮಾಡಿ, ಚೀಲ ಅಂಚಿಗೆ ತಾಗದಂತೆ ಹಿಗ್ಗಿಸಿ ಕಟ್ಟಿದ. ಕೆಳಗೆ ಸ್ವಲ್ಪ ಸಡಿಲ ಬಿಟ್ಟ, ಹೆಚ್ಚಾದ ಗಾಳಿ ಅಲ್ಲಿಂದ ಹೊರಗೆ ಹೋಗಲಿ ಎಂದು. ಒಳಗಿನಿಂದ ಹೊರಕ್ಕೆ ಹರಿಯುತ್ತಿರುವ ತನಕ ಹೊರಗಿನದು ಒಳಗೆ ಬರುವುದಿಲ್ಲ. ಇನ್ನೂ ಬಿಸಿಲು ಬಿದ್ದಿರಲಿಲ್ಲ. ನಾನು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ಅಂಕಿಗಳನ್ನು ನೋಡುತ್ತಿದ್ದೆ.

ಕಣಗಳು ಇಳಿದವು. ಸಾವಿರಗಳಿಂದ ನೂರಕ್ಕೆ, ಆಮೇಲೆ ಬೆರಳೆಣಿಕೆಗೆ, ಆಮೇಲೆ ಸೊನ್ನೆಯ ಹತ್ತಿರ. ಅಮೋನಿಯಾವೂ ಇಳಿಯಿತು, ನಿಧಾನಕ್ಕೆ. ಎಲ್ಲ ನಿರೀಕ್ಷಿಸಿದಂತೆ. ನನಗೆ ನಿರಾಸೆಯಾಯಿತು ಎಂದು ಒಪ್ಪಿಕೊಳ್ಳಬೇಕು. ದಾರಿ ಸ್ವಚ್ಛವಿದೆ, ಕರಡು ಸರಿಯಿದೆ, ಸಹಿ ಮಾಡಬೇಕು.

ಆಮೇಲೆ ಬಿಸಿಲು ಪೂರ್ವದ ಗುಡ್ಡದ ನೆತ್ತಿ ದಾಟಿ ಅಟ್ಟಣೆಯ ಮೇಲೆ ಬಿತ್ತು.

ಅಮೋನಿಯಾದ ಅಂಕಿ ನಿಂತಿತು. ಒಂದು ಸಲ ಅಲುಗಿತು. ಏರತೊಡಗಿತು.

"ಚೀಲ ಸೋರ್ತೈತೆ ಮೇಡಂ," ಎಂದು ತಂತ್ರಜ್ಞ ಎದ್ದೇಬಿಟ್ಟ.

"ತಡೀರಿ. ಕಣ ನೋಡಿ."

ಕಣಗಳು ಸೊನ್ನೆಯಲ್ಲೇ ಇದ್ದವು. ಹೊರಗಿನ ಗಾಳಿ ಒಂದು ಗುಟುಕು ಒಳಗೆ ಬಂದಿದ್ದರೂ ಕಣಗಳು ಸಾವಿರಕ್ಕೆ ಹಾರಬೇಕಿತ್ತು. ಬಂದಿರಲಿಲ್ಲ. ಒಂದೇ ಬಾಯಿ, ಒಂದೇ ಕೊಳವೆ, ಎರಡು ಯಂತ್ರ. ಒಂದು ಗಾಳಿ ಶುದ್ಧ ಎನ್ನುತ್ತಿದೆ, ಇನ್ನೊಂದು ಅಮೋನಿಯಾ ತುಂಬಿದೆ ಎನ್ನುತ್ತಿದೆ. ಎರಡೂ ನಿಜವಾಗಿರಬೇಕಾದರೆ ಅಮೋನಿಯಾ ಹಿನ್ನೀರಿನಿಂದಲೂ ಬರುತ್ತಿಲ್ಲ, ದಡದಿಂದಲೂ ಬರುತ್ತಿಲ್ಲ. ಚೀಲದ ಒಳಗಿಂದಲೇ ಬರುತ್ತಿದೆ.

ಚೀಲದ ಒಳಗೆ ಏನಿದೆ ಎಂದು ಇಬ್ಬರೂ ತಲೆಯೆತ್ತಿ ನೋಡಿದೆವು. ಪಾರದರ್ಶಕ ಪ್ಲಾಸ್ಟಿಕ್ಕು. ಅದರೊಳಗೆ ಸ್ಟೀಲಿನ ಟೋಪಿ. ಟೋಪಿಯ ಒಳಕ್ಕೆ ಅಚ್ಚುಕಟ್ಟಾಗಿ ಮಡಚಿದ, ಬಿಸಿಲಿಗೆ ಒಣಗುತ್ತಿರುವ ಕರಿಕಂಬಳಿ.

ತಂತ್ರಜ್ಞ ಕೊಳವೆಗೆ ಸುತ್ತಿದ್ದ ಪಟ್ಟಿಗೆ ಮೂಗು ಹಚ್ಚಿ ನೋಡಿದ. ಆಮೇಲೆ, "ಇದು ನಮ್ಮವ್ವನ ವಾಸ್ನೆ ಮೇಡಂ," ಎಂದ. "ನನಗೆ ನಾತ ಅನ್ನಿಸ್ಲೇ ಇಲ್ಲ."

ನನಗೂ ಅನ್ನಿಸಿರಲಿಲ್ಲ. ಚಿಕ್ಕಜಾಜೂರಿನಲ್ಲಿ ರಾತ್ರಿ ಪಾಳಿಗೆ ಹೋಗುವಾಗ ಅಪ್ಪ ಹೊದೆಯುತ್ತಿದ್ದುದು ಇಂಥದ್ದೇ ಕಂಬಳಿ. ಬೇರೆ ಕಡೆಯಿಂದ ಬಂದ ಯಾರೇ ಆದರೂ ಮೂಗು ಮುಚ್ಚಿಕೊಂಡು ಇದನ್ನು ಅನಿಲ ಅಳೆಯುವ ಯಂತ್ರದ ಬಾಯಿಗೆ ಯಾಕೆ ಕಟ್ಟಿದಿರಿ ಎಂದು ಕೇಳುತ್ತಿದ್ದರು. ನಮ್ಮಿಬ್ಬರಿಗೆ ಅದು ವಾಸನೆಯೇ ಅಲ್ಲ, ಹೊದಿಕೆ. ಉಣ್ಣೆ ಅಮೋನಿಯಾವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ರೊಪ್ಪದಲ್ಲಿ ಮರಿಗಳ ಮೇಲೆ ಎಷ್ಟೋ ಕಾಲ ಬಿದ್ದಿದ್ದ ಉಣ್ಣೆ. ರಾತ್ರಿಯ ತೇವ ಹೀರಿ, ಬೆಳಗಿನ ಬಿಸಿಲಿಗೆ ಒಣಗುತ್ತ, ತಾನು ಹಿಡಿದಿಟ್ಟದ್ದನ್ನು ದಿನವೂ ಸ್ವಲ್ಪ ಸ್ವಲ್ಪ ಬಿಡುತ್ತಿತ್ತು. ಪುಸ್ತಕದ ಉಣ್ಣೆಯೂ ಈ ಕಂಬಳಿಯೂ ಒಂದೇ ಎಂದು ತಲೆಗೆ ಹೋಗಿರಲಿಲ್ಲ.

ಅಂದೇ ಪಟ್ಟಿಗಳನ್ನೆಲ್ಲ ಬಿಚ್ಚಿದೆವು, ಕೊಳವೆ ಬದಲಿಸಿದೆವು, ಅಳಿದುಳಿದ ಫೋಮನ್ನು ಸುತ್ತಿ ಅದರ ಮೇಲೆ ಮೀನಿನ ಬಲೆ ಬಿಗಿದೆವು. ಹಕ್ಕಿಗಳಿಗೆ ಬಲೆ ಸಾಕು ಎಂಬುದು ಮೊದಲೇ ಹೊಳೆಯಬೇಕಿತ್ತು. ಮರುದಿನ ಬೆಳಗ್ಗೆ ಬಿಸಿಲು ಬಿತ್ತು. ಎತ್ತರದ ಆ ಚೂಪು ಇರಲಿಲ್ಲ. ಅದರ ಜಾಗದಲ್ಲಿ ಒಂದು ತಗ್ಗು ದಿಬ್ಬ. ಗಮನವಿಟ್ಟು ನೋಡದಿದ್ದರೆ ಕಾಣದಷ್ಟು.

ನಾನು ಅಟ್ಟಣೆಯ ಮೇಲೆ ಕಾಲು ಚಾಚಿ ಕೂತುಬಿಟ್ಟೆ. ನಗು ಬಂತು. ತೆಪ್ಪದವನು, "ಏನಾತ್ರೀ?" ಎಂದ.

"ಏನೂ ಆಗ್ಲಿಲ್ಲ," ಎಂದೆ. "ಅದೇ ಒಳ್ಳೇದು."

ಮುಖ್ಯಸ್ಥರು ಗೆರೆಗಳನ್ನು ನೋಡಿ ಫೋನು ಮಾಡಿದರು. ಸಿಟ್ಟಾಗಬಹುದು ಎಂದುಕೊಂಡಿದ್ದೆ. ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. "ಸಭೆಯಲ್ಲಿ ಯಾರಾದರೂ ಗಾಳಿಯ ದಿಕ್ಕು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಚಾವಾದೆವು," ಎಂದರು. ಕಂಬಳಿ ಸುತ್ತಿದ ದಿನಗಳ ಅಮೋನಿಯಾ ಅಂಕಿಗಳನ್ನೆಲ್ಲ ತೆಗೆದುಹಾಕಿದೆವು. ಋತುವಿನ ಕೊನೆಯ ಸೊನ್ನೆಯೂ ಹೋಯಿತು. ಕಣಗಳ ಅಂಕಿಗಳು ಮಾತ್ರ ಗಟ್ಟಿಯಾಗಿ ಉಳಿದವು. ವರದಿಯ ವಾಕ್ಯ ಹೀಗಾಯಿತು: "ಈ ಮಾಪನಗಳಿಂದ ದಡದ ರೊಪ್ಪಗಳನ್ನು ಮೂಲವೆಂದು ಗುರುತಿಸಲಾಗದು." ಅಷ್ಟೇ. ಸಭೆ ನಡೆಯಿತು, ನಿರ್ಧಾರ ಮುಂದಕ್ಕೆ ಹೋಯಿತು, ಮರಿಗಳು ದಾರಿ ನಡೆಯುವ ತನಕ ಯಾರೂ ದಡಕ್ಕೆ ಬರುವುದಿಲ್ಲ ಎಂದಾಯಿತು.

ಸುದ್ದಿ ಹೇಳಲು ನಾವಿಬ್ಬರೂ ರೊಪ್ಪಕ್ಕೆ ಹೋದೆವು. ಪಾತ್ರೆಗಳು ಕಟ್ಟಿದಂತೆಯೇ ಇದ್ದವು. ಅಜ್ಜಿ ಒಂದು ಮರಿಗೆ ಬೇರೆ ಕುರಿಯ ಹಾಲು ಕುಡಿಸುತ್ತಿದ್ದರು.

"ಬರ್ರಿ, ಕುಂತ್ಕಳ್ರಿ. ಯಾವತ್ತು ಹೊರಡ್ಬೇಕಂತೆ?"

"ಹೊರಡೋದು ಬೇಡ ಅಜ್ಜಿ," ಎಂದೆ. " ನಮ್ಮ ಮಿಶನ್ ತೋರಿಸಿದ್ದು ನಿಮ್ಮ ಕುರಿಯಿಂದ ಬಂದಿದ್ದಲ್ಲ. ನಿಮ್ಮ ಕಂಬಳಿಯಿಂದ ಬಂದಿದ್ದು."

ಅವರು ಮರಿಯನ್ನು ಕೆಳಗೆ ಬಿಟ್ಟರು.

"ಕಂಬಳಿಯಿಂದ?"

"ಹೂಂ. ಅದ್ರಲ್ಲಿದ್ದ..."

"ನಮ್ ಕಂಬಳಿ ನಾರ್ತೈತೆ ಅಂತ ಚಿತ್ರದುರ್ಗದಾಗೆ ಬರೆದು ಕೊಟ್ರಾ?"

"ನಿಮ್ಮ ಹೆಸರು ಬರೆದಿಲ್ಲ ಅಜ್ಜಿ," ಎಂದೆ.

"ಹೆಸರು ಬ್ಯಾರೆ ಬರೀಬೇಕಾ? ಈ ದಂಡೇಲಿ ನಿಮ್ಗೆ ಕಂಬಳಿ ಕೊಟ್ಟೋಳು ನಾನೊಬ್ಳೇ ಅಂತ ಹಿರಿಯೂರ್ ತಂಕ ಗೊತ್ತು!" ಎದ್ದು ನಿಂತರು. "ಕುರಿ ನಾರ್ತಾವೆ ಅಂದಿದ್ರೆ ಸೈ ಅಂತಿದ್ದೆ. ಕುರಿ ನಾರ್ದೆ ಮಲ್ಲಿಗೆ ಹೂವಾ? ಕಂಬಳಿ ಕೈಯಾರೆ ಒಗ್ದು ಒಣಗ್ಸಿ ಕೊಟ್ಟಿದ್ದೆ ನಾನು. ಲೇ, ನೀನು ಕುರಿ ಮನೆಯೋನಲ್ವಾ? ನಿಂಗೂ ನಾತ ಬಂತಾ?"

"ಇಲ್ಲಜ್ಜಿ," ಎಂದ ತಂತ್ರಜ್ಞ ನೆಲ ನೋಡುತ್ತ. "ದೇವ್ರಾಣೆ ಬರ್ಲಿಲ್ಲ."

"ಮತ್ತೆ! ನಿಮ್ ಮಿಶನ್ ಮೂಗು ಸರಿ ಇಲ್ಲ. ಎಲ್ಲೈತೆ ಅದು? ತಂದ್ಕೊಡ್ರಿ ಇತ್ತ."

ಪಟ್ಟಿಗಳನ್ನು ಚೀಲದಲ್ಲಿ ತಂದಿದ್ದೆವು. ಕತ್ತರಿಸಿದ್ದನ್ನು ನೋಡಿ ಇನ್ನೊಂದು ಸುತ್ತು ಬೈದರು. ಬೈಯುತ್ತಲೇ ಅವುಗಳನ್ನು ಮುಳ್ಳುಬೇಲಿಯ ಮೇಲೆ ಒಂದೊಂದಾಗಿ ಹರವಿದರು. ಬೈಯುತ್ತಲೇ ಪಾತ್ರೆಗಳ ಹತ್ತಿರ ಹೋಗಿ ಕೂತರು. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ಸಡಿಲಿಸಿ, ಹಗ್ಗ ಬಿಚ್ಚಿ, ಒಂದು ಪಾತ್ರೆಯನ್ನು ಹೊರಗೆ ತೆಗೆದು ಒಲೆಯ ಮೇಲಿಟ್ಟರು.  ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರನ್ನೋ ಏನನ್ನೋ. "ಚಾ ಕುಡ್ದು ಹೋಗ್ರಿ," ಎಂದರು ನಮ್ಮ ಕಡೆ ನೋಡದೆ.

ಕುಡಿದೆವು. ಆ ಚಹಾದ ರುಚಿ ಮಾತ್ರ ನನಗೆ ಸರಿಯಾಗಿ ನೆನಪಿದೆ ಎಂದು ಹೇಳಬಹುದಿತ್ತು. ಅದೂ ಇಲ್ಲ. ಬಿಸಿಯಿತ್ತು.

ಉಳಿದದ್ದು ಆ ತಗ್ಗು ದಿಬ್ಬ. ಕಂಬಳಿ ತೆಗೆದ ಮೇಲೂ, ಕೊಳವೆ ಬದಲಿಸಿದ ಮೇಲೂ, ಬಿಸಿಲು ಬೀಳುವ ಹೊತ್ತಿಗೆ ಅದು ಬರುತ್ತಲೇ ಇತ್ತು. ಕುರಿಯಿಂದ ಬಂದದ್ದಿರಬಹುದು. ಕಂಬದ ಮೇಲೆ ಕೂರುವ ಹಕ್ಕಿಗಳಿಂದ ಬಂದದ್ದಿರಬಹುದು. ಹಿನ್ನೀರಿನಿಂದಲೇ ಬಂದಿರಬಹುದು, ಅಥವಾ ನಾವು ಇನ್ನೂ ಕಾಣದ ನಮ್ಮದೇ ಏನೋ ಇರಬಹುದು. ಪರೀಕ್ಷಿಸಲು ಶುದ್ಧ ಗಾಳಿ ಉಳಿದಿರಲಿಲ್ಲ, ಋತು ಮುಗಿಯಿತು, ಮಳೆಗಾಲಕ್ಕೆ ನೀರು ಏರಿ ಆ ದಡ ಮುಳುಗಿತು. ಅದು ಎಲ್ಲಿಂದ ಬರುತ್ತಿತ್ತು ಎಂದು ನನಗೆ ಗೊತ್ತಿಲ್ಲ. ಆ ಮೊದಲ ಬೆಳಗ್ಗೆ ನನ್ನ ಮೂಗಿಗೆ ಕುರಿಯ ವಾಸನೆ ನಿಜವಾಗಿ ಬಂದಿತ್ತೇ ಎಂಬುದೂ ಗೊತ್ತಿಲ್ಲ.